ಎರಡೂವರೆಯ ಬಸ್ಸು

ಕೊಕ್ಕರೆಗೆ ಬೈಯಲು ಈ ಕಾಲೇಜಿನಲ್ಲಿ ನನಗಿರುವಷ್ಟು ಹಕ್ಕು ಇನ್ಯಾರಿಗೂ ಇಲ್ಲ. ಮೂರು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ತಂಡದ ಬಸ್ಸು ಓಡಿಸುತ್ತಿದ್ದೇನೆ. ಬೇರೆ ಡ್ರೈವರುಗಳು ಪಂದ್ಯ ಮುಗಿಯುವವರೆಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ, ನಾನು ಒಳಗೆ ಹೋಗಿ ಗಂಟಲು ಹರಿದುಕೊಳ್ಳುತ್ತೇನೆ. ಕಾಲು ಉದ್ದವೆಂದು ಅವನಿಗೆ ಹುಡುಗರು ಇಟ್ಟ ಹೆಸರು ಕೊಕ್ಕರೆ. ಚೆಂಡು ಕೈಗೆ ಬಂದರೆ ಇಬ್ಬರು ಮೈಮೇಲೆ ಬಿದ್ದರೂ ಅವಸರವಿಲ್ಲ. ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ, ಅವರು ಆ ಕಡೆ ವಾಲುತ್ತಾರೆ, ಇವನು ಈ ಕಡೆಯಿಂದ ಹೋಗಿ ಬುಟ್ಟಿಗೆ ಹಾಕಿ ಬಂದಿರುತ್ತಾನೆ. ಅದನ್ನು ಕಂಡ ದಿನ ನನಗೆ ಎರಡು ತುತ್ತು ಹೆಚ್ಚು ಸೇರುತ್ತದೆ. "ಇವತ್ತು ನಿಮ್ಮ ಕೊಕ್ಕರೆ ಬಂದಿದ್ದ ಅಂತ ಕಾಣುತ್ತೆ" ಅನ್ನುತ್ತಾಳೆ ಹೆಂಡತಿ.

ಬರುವುದೇ ಕಷ್ಟ. ಅಭ್ಯಾಸದ ಹೊತ್ತಿಗೆ ನಿದ್ದೆ, ಪಂದ್ಯದ ಹೊತ್ತಿಗೆ ಇನ್ನೆಲ್ಲೋ ಹರಟೆ. ಶೂ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ. ಕೇಳಿದರೆ "ಬಂದೆ ಬಂದೆ ಅಣ್ಣ" ಎಂದು ಹಲ್ಲು ಕಿರಿಯುತ್ತಾನೆ, ನನ್ನ ಸಿಟ್ಟು ಠುಸ್ ಆಗುತ್ತದೆ. ಹಾಳಾದ್ದು ಆ ನಗು.

ಹೋದ ತಿಂಗಳು ಮಾಡಬಾರದ ಕೆಲಸ ಮಾಡಿದೆ. ಹೊರಡುವ ಹೊತ್ತಾದರೂ ಅವನ ಸುಳಿವಿರಲಿಲ್ಲ. ಕೋಚ್ ಮೇಡಮ್ "ಹೊರಡಿ" ಅಂದರು. ನಾನು ಕೆಳಗಿಳಿದು ಬಾನೆಟ್ ಎತ್ತಿ, "ಇಂಜಿನ್ ಬಿಸಿಯಾಗಿದೆ ಮೇಡಮ್, ಸ್ವಲ್ಪ ಆರ್ಲಿ" ಅಂದೆ. ಇಂಜಿನ್ ತಣ್ಣಗಿತ್ತು. ಇಪ್ಪತ್ತು ನಿಮಿಷ ಅದನ್ನು ಬಟ್ಟೆಯಲ್ಲಿ ಒರೆಸುತ್ತ ಗೇಟಿನ ಮೇಲೆ ಕಣ್ಣಿಟ್ಟಿದ್ದೆ. ಅವನೇನೋ ಬಂದ. ದಾರಿಯಲ್ಲಿ ರೈಲ್ವೆ ಗೇಟೂ ಬಿತ್ತು. ಹದಿನೈದು ನಿಮಿಷಕ್ಕಿಂತ ತಡವಾದರೆ ಎದುರಿನವರು ಗೆದ್ದಂತೆ ಎಂಬುದು ನಿಯಮ. ನಾವು ಮುಟ್ಟಿದಾಗ ಅವರು ಆಡದೆಯೇ ಗೆದ್ದು ಬೆವರಿಲ್ಲದೆ ನಿಂತಿದ್ದರು. ಟ್ರಿಪ್ ಪುಸ್ತಕದಲ್ಲಿ, ತಡವಾದ ಕಾರಣ ಎಂಬಲ್ಲಿ, "ಇಂಜಿನ್ ಬಿಸಿ" ಎಂದು ಬರೆದೆ. ಪಾಪ, ಶೆಡ್ಡಿನ ಮೆಕ್ಯಾನಿಕ್ ಎರಡು ದಿನ ರೇಡಿಯೇಟರ್ ಬಿಚ್ಚಿ ಜೋಡಿಸಿದ. ನೀರು ನೋಡಿರಲಿಲ್ಲವೆಂದು ಆಫೀಸಿನವರಿಂದ ಬೈಸಿಕೊಂಡವನೂ ಅವನೇ. ನಾನು ಬಾಯಿ ಬಿಡಲಿಲ್ಲ.

ಇವತ್ತಿನದು ಲೀಗಿನ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ನಾಲ್ಕು ವರ್ಷ ಆಡಿದ ಕ್ಯಾಪ್ಟನ್‌ಗೆ ಇದು ಕೊನೆಯ ವರ್ಷ. ಬೆಳಿಗ್ಗೆಯೇ ಹೆಂಡತಿಗೆ ಹೇಳಿದ್ದೆ: "ಎರಡೂವರೆ ಅಂದ್ರೆ ಎರಡೂವರೆ. ದೇವರೇ ಬಂದು ಕೈ ಅಡ್ಡ ಹಿಡಿದ್ರೂ ನಿಲ್ಸಲ್ಲ."

"ದೇವರನ್ನ ಬಿಡಿ. ಕೊಕ್ಕರೆ ಕೈ ಅಡ್ಡ ಹಿಡಿದ್ರೆ?"

ಚಪ್ಪಲಿ ಮೆಟ್ಟಿ ಹೊರಟಿದ್ದೆ.

ಎರಡು ಇಪ್ಪತ್ತೈದಕ್ಕೆ ಎಲ್ಲರೂ ಹತ್ತಿಯಾಗಿತ್ತು. ಕಾಲು ಚಾಚಲು ಜಾಗವಿರುವ ಮುಂದಿನ ಸೀಟು ಮಾತ್ರ ಖಾಲಿ. ಕ್ಯಾಪ್ಟನ್ ಬಂದು ನನ್ನ ಪಕ್ಕ ಬಗ್ಗಿ ಮೆಲ್ಲಗೆ ಕೇಳಿದ. "ಅಣ್ಣ, ಇವತ್ತೂ ಇಂಜಿನ್ ಬಿಸಿ ಆಗುತ್ತಾ?"

ನನ್ನ ಕಿವಿ ಕಾದು ಹೋಯಿತು. "ನಿಂಗೆ ಗೊತ್ತಿತ್ತಾ?"

"ನಮ್ಗೆಲ್ಲ ಗೊತ್ತು. ಬಾನೆಟ್ ಮುಟ್ಟಿ ನೋಡಿದ್ವಿ. ಮೇಡಮ್‌ಗೆ ಹೇಳ್ಲಿಲ್ಲ ಅಷ್ಟೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತಾಡಬಹುದಿತ್ತು. ಗಡಿಯಾರದಲ್ಲಿ ಎರಡೂವರೆ ಆಯಿತು. ಕೀಲಿ ತಿರುಗಿಸಿದೆ.

ಗೇಟು ದಾಟಿ ರಸ್ತೆಗೆ ಹೊರಳಿದಾಗ ಕನ್ನಡಿಯಲ್ಲಿ ಕೊಕ್ಕರೆ ಕಂಡ. ಶೂ ಬ್ಯಾಗನ್ನು ಎದೆಗೆ ಅವುಚಿಕೊಂಡು ಓಡಿ ಬರುತ್ತಿದ್ದ. ಅವನು ಓಡುವುದೂ ಎಷ್ಟು ಚೆಂದ ಅಂತೀರಿ. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಂದಿತ್ತು. ಒಂದೇ ನಿಮಿಷ ತಾನೇ ಅಂದಿತು ಮನಸ್ಸು. ಹೋದ ತಿಂಗಳು ಬಾನೆಟ್ ಎತ್ತುವಾಗಲೂ ಹೀಗೇ ಅಂದಿತ್ತು. ಗೇರು ಬದಲಿಸಿದೆ. ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತ ಹೋದ.

ಆಟಗಾರರ ಪಟ್ಟಿ ಕೊಡುವಾಗ ಮೇಡಮ್ ಅವನ ಹೆಸರು ಬಿಟ್ಟರು. ಎರಡು ಬಸ್ಸು ಬದಲಿಸಿ ಅವನು ಬಂದಾಗ ಅರ್ಧ ಆಟ ಮುಗಿದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವನು ಅಂಗಳಕ್ಕೆ ಇಳಿಯುವಂತಿಲ್ಲ. ನನ್ನ ಪಕ್ಕ ಬಂದು ಕೂತ. ನಮ್ಮ ಹುಡುಗರು ಜೀವ ಒತ್ತೆಯಿಟ್ಟು ಆಡಿದರು. ಕೊನೆಯ ನಾಲ್ಕು ಸೆಕೆಂಡಿನಲ್ಲಿ ಕ್ಯಾಪ್ಟನ್ ಎಸೆದ ಚೆಂಡು ಬುಟ್ಟಿಯ ಬಳೆಯನ್ನು ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಒಂದೇ ಪಾಯಿಂಟಿನಲ್ಲಿ ಸೋತೆವು. ಪಕ್ಕದಲ್ಲಿ ಕೂತವನು ಅಂಥದ್ದನ್ನು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕ್ಯಾಪ್ಟನ್ ಮುಖ ತೊಳೆದು ಬಂದಿದ್ದರೂ ಕಣ್ಣು ಕೆಂಪಗಿತ್ತು. ಬಸ್ಸು ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವತ್ತು ಆಡಿ ಸೋತ್ವಿ ಅಣ್ಣ" ಅಂದ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಯಾರೂ ಹಾಗೆ ಹೊಡೆದಿರಲಿಲ್ಲ.

ಟ್ರಿಪ್ ಪುಸ್ತಕ ತೆಗೆದು ಹೋದ ತಿಂಗಳ ಪುಟ ಬಿಡಿಸಿದೆ. "ಇಂಜಿನ್ ಬಿಸಿ" ಎಂಬುದನ್ನು ಹೊಡೆದು ಹಾಕಿ ಕೆಳಗೆ ಬರೆದೆ: "ಇಂಜಿನ್ ಸರಿಯಿತ್ತು. ಒಬ್ಬ ಆಟಗಾರನಿಗಾಗಿ ಚಾಲಕ ಬೇಕೆಂದೇ ಕಾದ." ಮೇಡಮ್ ಅದನ್ನು ಎರಡು ಸಲ ಓದಿದರು.

"ಇದು ಆಫೀಸಿಗೆ ಹೋಗುತ್ತೆ. ಮೆಮೋ ಬರುತ್ತೆ, ಗೊತ್ತಲ್ಲ?"

"ಬರ್ಲಿ ಮೇಡಮ್. ನಾಳೆ ಮೆಕ್ಯಾನಿಕ್ ಹತ್ರಾನೂ ಹೋಗಿ ಹೇಳ್ತೀನಿ."

ಅವರು ಸಹಿ ಹಾಕಿ ಹಿಂದೆ ಹೋದರು. ಮೆಟ್ಟಿಲ ಮೇಲೆ ನಿಂತಿದ್ದ ಕೊಕ್ಕರೆ ಪುಸ್ತಕಕ್ಕೆ ಕತ್ತು ಚಾಚಿ ಓದಿಕೊಂಡ.

"ನಂಗೋಸ್ಕರಾನಾ?"

"ಇಲ್ಲ, ನಮ್ಮಜ್ಜನಿಗೋಸ್ಕರ."

ಅವನು ನಗಲಿಲ್ಲ. "ಮಧ್ಯಾಹ್ನ ಕನ್ನಡೀಲಿ ನನ್ನ ನೋಡಿದ್ರಾ ಅಣ್ಣ?"

"ನೋಡ್ದೆ."

ಅವನು ತಲೆ ತಗ್ಗಿಸಿದ. ಆಗ ನೋಡುತ್ತೇನೆ, ಕೈ ಖಾಲಿ. "ಶೂ ಬ್ಯಾಗ್ ಎಲ್ಲೋ?"

ಅವನು ತನ್ನ ಎರಡೂ ಕೈ ನೋಡಿಕೊಂಡ. "ಒಳಗೇ ಬಿಟ್ಟೆ ಅನ್ಸುತ್ತೆ."

ಐದು ಐವತ್ತಾರಾಗಿತ್ತು. "ಆರಕ್ಕೆ ಹೊರಡ್ತೀನಿ" ಅಂದೆ.

ಅವನು ನನ್ನ ಮುಖ ನೋಡಿದ. ಕೆಳಗೆ ಹಾರಿ ಓಡಿದ. ನಾನು ಇಂಜಿನ್ ಚಾಲೂ ಮಾಡಿ, ಬಾರೋ, ಬೇಗ ಬಾರೋ ಎಂದು ಒಳಗೊಳಗೇ ಅಂಗಲಾಚುತ್ತ, ಆರಾದ ಕೂಡಲೇ ಬಿಡಲು ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತೆ.