ಉಚ್ಚಂಗಪ್ಪನ ಕಿರಿಮಗಳು

ಸೊರಬ ತಾಲ್ಲೂಕಿನ ಹೊಸಕಾನು ಅರಣ್ಯ ಉದ್ಯಾನದಲ್ಲಿ ಚಳಿಗಾಲದ ಮೂರು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಜನರನ್ನು ಕಾಡಿನೊಳಗೆ ಕರೆದುಕೊಂಡು ಹೋಗುತ್ತಾರೆ. ಮೊದಲು ಕೆರೆಯ ಹಕ್ಕಿಗಳು, ಆಮೇಲೆ ಊರಿನ ಇತಿಹಾಸ. ಇದನ್ನು ನಡೆಸುವವಳು ನೀಲಾಂಬಿಕ. ಶಿಕಾರಿಪುರದ ಬಟ್ಟೆ ಅಂಗಡಿಯವರ ಮಗಳು. ಇತಿಹಾಸದಲ್ಲಿ ಎಂ.ಎ. ಮಾಡಿ, ಗುತ್ತಿಗೆಯ ಮೇಲೆ ಗೈಡ್ ಆಗಿ ಸೇರಿ ಇದು ಮೂರನೆಯ ಚಳಿಗಾಲ.

ಹಕ್ಕಿಗಳ ವಿಷಯ ಹೇಳುವಾಗ ಅವಳು ಆಗಾಗ ಪುಸ್ತಕ ತಿರುವಿ ನೋಡುವುದಿತ್ತು. ಇತಿಹಾಸ ಮಾತ್ರ ಬಾಯಿಪಾಠ. ಅದರಲ್ಲೂ ಉಚ್ಚಂಗಪ್ಪನ ಮನೆಯ ಕಥೆ ಹೇಳುವಾಗ ಅವಳ ದನಿ ತಾನಾಗಿಯೇ ತಗ್ಗುತ್ತಿತ್ತು. ಕಾನಿನ ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲಿನ ತಳಪಾಯವೊಂದು ಉಳಿದಿದೆ. ಅಲ್ಲಿ ಜನರನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದಳು. ಕೇಳಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರೆ ಅವಳಿಗೆ ಒಳಗೊಳಗೇ ಒಂದು ಸಮಾಧಾನ. ಚೆನ್ನಾಗಿ ಹೇಳಿದೆ ಅನ್ನಿಸುತ್ತಿತ್ತು.

ಡಿಸೆಂಬರಿನ ಎರಡನೆಯ ಭಾನುವಾರ ಅಂಜನಾಪುರದ ಕಡೆಯಿಂದ ಒಂದು ವ್ಯಾನ್ ತುಂಬ ಶಾಲಾ ಶಿಕ್ಷಕಿಯರು ಬಂದಿದ್ದರು. ಒಟ್ಟು ಹದಿನಾಲ್ಕು ಜನ. ರಕ್ತ ಹೀರುವ ಉಣುಗು ಹುಳ ಕಚ್ಚದ ಹಾಗೆ ಎಲ್ಲರ ಕೈಕಾಲಿಗೂ ಎಣ್ಣೆ ಹಚ್ಚಿಸಿ ನೀಲಾಂಬಿಕ ಹೊರಟಳು. ಕೆರೆಯ ಮೇಲೆ ಇನ್ನೂ ಮಂಜಿತ್ತು. ದೂರದೇಶದಿಂದ ಬಂದ ಪಟ್ಟೆತಲೆ ಬಾತುಗಳು ಆ ಮಂಜಿನಲ್ಲಿ ಒಮ್ಮೆ ಕಾಣಿಸಿ ಇನ್ನೊಮ್ಮೆ ಮರೆಯಾಗುತ್ತಿದ್ದವು. ಶಿಕ್ಷಕಿಯರು ನಗುತ್ತ ಫೋಟೊ ತೆಗೆದುಕೊಂಡರು. ಎಲ್ಲರಿಗಿಂತ ಹಿಂದೆ ಒಬ್ಬರು ನಿಧಾನವಾಗಿ ಬರುತ್ತಿದ್ದರು. ನಲವತ್ತೈದು ದಾಟಿದ ವಯಸ್ಸು, ಕನ್ನಡಕ, ಭುಜದ ಮೇಲೆ ಕೆಂಪು ಶಾಲು. ಇವರು ತಮ್ಮ ಹೆಡ್‌ಮೇಡಂ ಎಂದು ಯಾರೋ ಹೇಳಿದ್ದರು.

ತಳಪಾಯದ ಹತ್ತಿರ ನೀಲಾಂಬಿಕ ಎಂದಿನಂತೆ ಶುರುಮಾಡಿದಳು.

"ಇದು ಫಾರೆಸ್ಟ್ ವಾಚರ್ ಉಚ್ಚಂಗಪ್ಪ ಅನ್ನೋರ ಮನೆ. ಎಂಬತ್ಮೂರನೇ ಇಸವಿ, ಇದೇ ಚಳಿಗಾಲ. ಕಾನಿನಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾಯ್ತು. ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ, ನಿಮಗೆಲ್ಲ ಗೊತ್ತಲ್ಲ. ಸತ್ತ ಮಂಗಗಳನ್ನ ಹುಡುಕಿ ಸುಡೋದು ಉಚ್ಚಂಗಪ್ಪನ ಕೆಲಸ. ಮೊದಲು ಅವರಿಗೆ ಜ್ವರ ಬಂತು. ಆಮೇಲೆ ಹೆಂಡತಿ ಮಾಸ್ತಮ್ಮನಿಗೆ, ಆಮೇಲೆ ಮಕ್ಕಳಿಗೆ. ಎಂಟೇ ದಿನ. ಕೊನೆಗೆ ಹೋದದ್ದು ನಾಲ್ಕು ವರ್ಷದ ಕಿರಿಮಗಳು, ಕರುಣಾ. ಮನೆಯಲ್ಲಿ ದೀಪ ಹಚ್ಚೋಕೂ ಒಬ್ಬರು ಉಳೀಲಿಲ್ಲ."

ಹಿಂದೆ ಏನೋ ಬಿದ್ದ ಸದ್ದಾಯಿತು. ಹೆಡ್‌ಮೇಡಂ ಕೈಲಿದ್ದ ನೀರಿನ ಬಾಟಲಿ ಕಲ್ಲಿನ ಮೇಲೆ ಉರುಳುತ್ತಿತ್ತು. ಅವರು ಮುಂದೆ ಬಂದರು.

"ಇನ್ನೊಂದ್ಸಲ ಹೇಳ್ರೀ. ಅವರ ಹೆಸರು."

"ಯಾರ ಹೆಸರು ಮೇಡಂ?"

"ಅಪ್ಪಂದು. ಅವ್ವಂದು. ಆ ಸಣ್ಣ ಹುಡುಗೀದು."

ನೀಲಾಂಬಿಕ ಹೇಳಿದಳು. ಹೇಳುತ್ತಿದ್ದಂತೆ ಅವಳಿಗೂ ಏನೋ ಅನುಮಾನ ಹತ್ತಿತು. ಯಾಕೆಂದರೆ ಪಕ್ಕದಲ್ಲಿದ್ದ ಶಿಕ್ಷಕಿಯೊಬ್ಬಳು, "ಕರುಣಾ ಮೇಡಂ, ಕೂತ್ಕೊಳ್ರಿ, ಕೂತ್ಕೊಳ್ರಿ" ಎಂದು ಅವರ ತೋಳು ಹಿಡಿದುಕೊಂಡಿದ್ದಳು.

ಕರುಣಾ ಕೂರಲಿಲ್ಲ. "ನಾನು ಸತ್ತೆ ಅಂತ ನಿಮಗೆ ಯಾರ್ರೀ ಹೇಳಿದ್ದು?" ಎಂದರು.

ಎಷ್ಟು ಭಾನುವಾರ, ಎಷ್ಟು ಜನರ ಎದುರು ಈ ಹೆಂಗಸನ್ನು ಸಾಯಿಸಿದ್ದೆನೋ ಎಂದು ನೀಲಾಂಬಿಕ ಮನಸ್ಸಿನಲ್ಲೇ ಎಣಿಸಿದಳು.

ಕರುಣಾ ತಾವೇ ಹೇಳಿದರು. ಅವರು ಬೆಳೆದದ್ದು ಶಿಕಾರಿಪುರದಲ್ಲಿ. ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿದ್ದ ಶಾಂತವೀರಪ್ಪ, ಅವರ ಹೆಂಡತಿ ಜಗದಾಂಬ ಸಾಕಿದ ಮಗಳು. ಅದಕ್ಕೂ ಹಿಂದಿನದೇನೂ ನೆನಪಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಏನೋ ಜಗಳವಾದಾಗ ಜಗದಾಂಬ ಸಿಟ್ಟಿನಿಂದ ಅಂದಿದ್ದರು: "ಸೊರಬದ ಕಡೆ ಉಚ್ಚಂಗಪ್ಪ ಅಂತ ವಾಚರ್ ನಿಮ್ಮಪ್ಪ. ಮಾಸ್ತಮ್ಮ ಅಂತ ನಿಮ್ಮವ್ವ. ಎರಡನೇದೂ ಹೆಣ್ಣಾಯ್ತು, ಬ್ಯಾಡ ಅಂತ ನಮ್ಮ ಕೈಗೆ ಇಟ್ಟು ಹೋದ್ರು."

"ಅವತ್ತಿಂದ ಅವರ ಹೆಸರು ಎತ್ತಿಲ್ಲ ನಾನು," ಎಂದರು ಕರುಣಾ. "ಸೊರಬದ ಬಸ್ಸು ಸೈತ ಹತ್ತಿರ್ಲಿಲ್ಲ. ನಮ್ಮ ಟೀಚರ್‌ಗಳು ಹಠ ಮಾಡಿದ್ರು ಅಂತ ಇವತ್ತು ಬಂದೆ. ಬ್ಯಾಡ ಅಂತ ಬಿಟ್ಟೋದೋರು ಅಂತ ಮೂವತ್ನಾಲ್ಕು ವರ್ಷ ಬೈದಿದೀನಿ. ಈಗ ನೀವು ಅವರು ಸತ್ತೇ ಹೋಗಿದ್ರು ಅಂತೀರಿ."

ಆಗ ಮಾತ್ರ ಕೂತರು, ಅದೇ ಕಲ್ಲಿನ ಮೇಲೆ.

ಈ ಕಥೆಯನ್ನು ನೀಲಾಂಬಿಕಳಿಗೆ ಹೇಳಿದ್ದು ತುಂಗಮ್ಮ. ಉದ್ಯಾನದ ಗೇಟಿನ ಪಕ್ಕದಲ್ಲೇ ಅವಳ ಮನೆ. ಎಂಬತ್ತೆರಡು ವರ್ಷ. ಬಂದವರಿಗೆ ಶುಂಠಿ ಕಾಫಿ ಮಾಡಿ ಕೊಡುತ್ತಿದ್ದಳು. ಉಚ್ಚಂಗಪ್ಪನ ಮನೆಗೆ ಆಗಿನ ಕಾಲದ ಒಬ್ಬಳೇ ನೆರೆಯವಳು. ನೀಲಾಂಬಿಕ ಕರುಣಾರನ್ನು ಕರೆದುಕೊಂಡು ನೇರವಾಗಿ ಅಲ್ಲಿಗೇ ಹೋದಳು. ಉಳಿದವರು ಅಂಗಳದಾಚೆ ನಿಂತರು.

ತುಂಗಮ್ಮ ಒಲೆಯ ಮುಂದೆ ಕೂತಿದ್ದಳು.

"ಅಜ್ಜಿ, ಇವರು ಕರುಣಾ. ಉಚ್ಚಂಗಪ್ಪನ ಕಿರಿಮಗಳು."

ಮುದುಕಿ ತಲೆಯೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಶ್ಚರ್ಯಪಡುತ್ತಾಳೆ, ಇಲ್ಲವೆ ನಂಬುವುದಿಲ್ಲ ಎಂದುಕೊಂಡಿದ್ದ ನೀಲಾಂಬಿಕಳಿಗೆ ಆ ಮುಖ ಅರ್ಥವಾಗಲಿಲ್ಲ. ಅದರಲ್ಲಿ ಇದ್ದದ್ದು ಭಯ.

"ಬಂದ್ಯಾ?" ಎಂದಳು ತುಂಗಮ್ಮ.

"ನಿಮಗೆ ಗೊತ್ತಿತ್ತಾ ನಾನು ಬದುಕಿರೋದು?" ಎಂದು ಕೇಳಿದರು ಕರುಣಾ.

"ನಾನೇ ಅಲ್ವನೆ ನಿನ್ನ ಕೊಟ್ಟಿದ್ದು."

ಒಂದೊಂದೇ ಮಾತಾಗಿ ಹೊರಬಂತು. ಜೀಪಿನಲ್ಲಿ ನಾಲ್ವರನ್ನೂ ಶಿಕಾರಿಪುರದ ಆಸ್ಪತ್ರೆಗೆ ಸಾಗಿಸಿದಾಗ ಊರಿನಿಂದ ಜೊತೆಗೆ ಹೋದವಳು ತುಂಗಮ್ಮ ಒಬ್ಬಳೇ. ಎರಡು ದಿನಕ್ಕೆ ಮಾಸ್ತಮ್ಮ ಹೋದಳು, ಮರುದಿನ ದೊಡ್ಡ ಹುಡುಗಿ. ಉಚ್ಚಂಗಪ್ಪನ ಆಸೆ ಬಿಡಿ ಎಂದು ಡಾಕ್ಟರು ಹೇಳಿ, ಎಚ್ಚರವಿಲ್ಲದ ಅವನನ್ನು ದೂರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಕಿರಿಯಳ ಜ್ವರ ಮಾತ್ರ ಇಳಿಯಿತು.

"ಊರಿಗೆ ಬಂದು ಹೇಳ್ದೆ, ಸಣ್ಣದು ಉಳ್ಕಂಡಿದೆ ಅಂತ. ಆ ಮನೆಯ ಕೂಸನ್ನ ಊರೊಳಗೆ ತರಬ್ಯಾಡ ಅಂದ್ರು ಎಲ್ಲಾ. ಎಂಥ ಹೆದರಿಕೆ ಆಗ, ನಿಂಗೆ ಹೇಳಿದ್ರೆ ತಿಳಿಯಾದಿಲ್ಲ. ನಂಗೂ ಸಣ್ಣ ಮಕ್ಕಳಿದ್ವು. ಕಂಪೌಂಡ್ರು ಹೆಂಡ್ತಿ ನಿನ್ನ ಎತ್ಕಂಡು ಬಿಡ್ತಾನೇ ಇರ್ಲಿಲ್ಲ. ಕೊಟ್ಟೆ. ಊರಲ್ಲಿ, ಅದೂ ಸತ್ತೋಯ್ತು ಅಂದೆ. ಮತ್ಯಾರೂ ಕೇಳ್ಲಿಲ್ಲ."

ಕರುಣಾ ಗೋಡೆಗೆ ಕೈಯಾನಿಸಿ ನಿಂತಿದ್ದರು. "ಅಪ್ಪನ್ನ ಯಾವತ್ತು ಮಣ್ಣು ಮಾಡಿದ್ರಿ?" ಎಂದು ಕೇಳಿದರು.

ತುಂಗಮ್ಮ ಒಲೆಯ ಕೆಂಡ ಕೆದಕಿದಳು.

"ಅಜ್ಜಿ?" ಎಂದಳು ನೀಲಾಂಬಿಕ.

"ತೊಂಬತ್ತೆರಡರಾಗೆ," ಎಂದಳು ತುಂಗಮ್ಮ.

ನೀಲಾಂಬಿಕಳಿಗೆ ಮೊದಲು ಅದು ಮುದುಕಿಯ ಮರೆವು ಅನ್ನಿಸಿತು. "ಎಂಬತ್ಮೂರು ಅಲ್ವಾ?"

"ನಿಂಗೆ ಹಂಗೆ ಹೇಳಿದ್ದು ಸುಳ್ಳು. ಅವ ಸಾಯ್ಲಿಲ್ಲ. ಎರಡು ತಿಂಗಳು ಬಿಟ್ಟು ಎದ್ದು ಬಂದ, ಕೋಲು ಊರ್ಕಂಡು. ಇದೇ ಬಾಗಿಲಲ್ಲಿ ನಿಂತು, ಕರುಣಾ ಎಲ್ಲಿ ಅಂದ. ಊರೆಲ್ಲ ಸತ್ತೋಯ್ತು ಅಂತಿತ್ತು. ನಾನೂ ಹೂಂ ಅಂದೆ. ನಾಳೆ ಹೇಳಣ, ನಾಡಿದ್ದು ಹೇಳಣ ಅಂದ್ಕಂಡೆ. ಹೇಳಿದ್ರೆ ನನ್ನ ಕೊಂದೇ ಹಾಕ್ತಿದ್ದ. ಒಂಬತ್ತು ವರ್ಷ ಇದ್ದ, ಮಗಾ. ಒಂದು ದಿನವೂ ಹೇಳ್ಲಿಲ್ಲ ನಾನು."

ಒಂಬತ್ತು ವರ್ಷ. ಇಲ್ಲಿಂದ ಶಿಕಾರಿಪುರಕ್ಕೆ ಎಷ್ಟು ದೂರ? ಬಸ್ಸಿಗೆ ಒಂದೂವರೆ ಗಂಟೆ. ಕರುಣಾರಿಗೆ ಆಗ ಆರು ವರ್ಷ, ಹತ್ತು ವರ್ಷ, ಹದಿಮೂರು ವರ್ಷ. ಅಪ್ಪ ತನ್ನನ್ನು ಬೇಡವೆಂದ ಅಂತ ದಿಂಬಿಗೆ ಮುಖ ಒತ್ತಿ ಅತ್ತ ದಿನ ಆ ಅಪ್ಪ ಇಲ್ಲೇ ಇದ್ದ, ಅವಳು ಸತ್ತಳೆಂದು ಅಳುತ್ತ.

ಕರುಣಾರ ಬಾಯಿಂದ ಒಂದು ಸದ್ದು ಬಂತು. ಅದು ಅಳುವಾಗಿರಲಿಲ್ಲ. ಅಂಗಳದಾಚೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ತುಂಗಮ್ಮ ನೆಲಕ್ಕೆ ಕೈಯೂರಿ ಎದ್ದು, ಅವರ ಕೈ ಹಿಡಿಯಲು ಬಂದಳು. ಕರುಣಾ ಕೈ ಹಿಂದಕ್ಕೆಳೆದುಕೊಂಡರು.

"ಎಲ್ಲಿದೆ ಜಾಗ?"

ಕೆರೆಯ ಏರಿಯ ಕೆಳಗೆ, ಮತ್ತಿಮರದ ಬುಡದಲ್ಲಿ ಅಪ್ಪ, ಅವ್ವ, ಅಕ್ಕನಿಗೆಂದು ಮೂರು ಕಲ್ಲು ನಿಲ್ಲಿಸಿದ್ದರು. ನೀಲಾಂಬಿಕ ಮೂರು ವರ್ಷದಿಂದ ಆ ಕಲ್ಲುಗಳ ಪಕ್ಕದಲ್ಲೇ ನಿಂತು ಬಾತುಗಳನ್ನು ತೋರಿಸಿದ್ದಳು. ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ. ಕರುಣಾ ಶಾಲು ತೆಗೆದು ನೆಲದ ಮೇಲೆ ಹಾಸಿ ಕೂತರು. ನೀಲಾಂಬಿಕ ಸ್ವಲ್ಪ ದೂರದಲ್ಲಿ ನಿಂತಳು. "ನನ್ನಿಂದ ತಪ್ಪಾಯ್ತು ಮೇಡಂ" ಎಂದಳು. ಅವರಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನ ವ್ಯಾನ್ ಹೊರಟಾಗ ಕರುಣಾ ಹತ್ತಲಿಲ್ಲ. ಸಂಜೆಯ ಬಸ್ಸಿಗೆ ಬರುತ್ತೇನೆ ಎಂದು ಉಳಿದವರನ್ನು ಕಳಿಸಿ, ಮತ್ತೆ ತುಂಗಮ್ಮನ ಮನೆಗೆ ಬಂದರು. ಮುದುಕಿ ಬಾಗಿಲಲ್ಲೇ ಕೂತಿದ್ದಳು. ಒಲೆ ಆರಿತ್ತು. ಕರುಣಾ ಅವಳ ಎದುರಿಗೆ, ಕೈಗೆಟುಕದಷ್ಟು ದೂರದಲ್ಲಿ ಕೂತರು.

"ಒಂಬತ್ತು ವರ್ಷ ಅವರನ್ನ ನೋಡಿದೋರು ನೀವೊಬ್ರೇ ಉಳ್ದಿರೋದು," ಎಂದರು. "ಒಂದೂ ಬಿಡದೆ ಹೇಳ್ರಿ. ಹೆಂಗಿದ್ರು, ಏನು ಉಣ್ತಿದ್ರು, ಎಲ್ಲಾ."

"ಉದ್ದ ಆಳು," ಎಂದು ತುಂಗಮ್ಮ ಶುರುಮಾಡಿದಳು. "ಕಾಯಿಲೆ ಆದ್ಮೇಲೆ ಬಲಗೈ ನಡುಗ್ತಿತ್ತು. ನಾನೇ ಅನ್ನ ಹಾಕ್ತಿದ್ದೆ. ಹುಳಿ ಅಂದ್ರೆ ಆಗ್ತಿರ್ಲಿಲ್ಲ ಅವಂಗೆ..."

ಆ ಚಳಿಗಾಲ ಮುಗಿಯುವವರೆಗೂ ಕರುಣಾ ಪ್ರತಿ ಭಾನುವಾರ ಬಂದರು. ಬಂದಾಗಲೆಲ್ಲ ಅದೇ ಬಾಗಿಲಲ್ಲಿ ಕೂತು ಕೇಳಿದರು. ಕ್ಷಮಿಸಿದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ತುಂಗಮ್ಮ ಕೇಳಲೂ ಇಲ್ಲ.