ಸೂಜಿ ಚುಚ್ಚಿದ್ದು ತಿಳಿಯದ ಬೆರಳು

ಬಿಳಿ ಅಂಗಿಯ ಕಾಲರಿನ ಮೇಲೆ ಕೆಂಪು ಚುಕ್ಕೆ ಕಂಡದ್ದೇ ಟೈಲರ್ ಮಾಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆಗೆ ಗಿರಾಕಿ ಬರುವವನಿದ್ದ.

“ಏನೇ ಇದು? ಕಣ್ಣು ಎಲ್ಲಿಟ್ಕೊಂಡಿದ್ದೆ?” ಎಂದು ಹೆಂಡತಿಯ ಮೇಲೆ ಹರಿಹಾಯ್ದ.

ಅವಳು ಗಾಬರಿಯಿಂದ ಕೈ ನೋಡಿಕೊಂಡಳು. ತೋರುಬೆರಳಿನಿಂದ ರಕ್ತ ಒಸರುತ್ತಿತ್ತು. “ಅಯ್ಯೋ, ಸೂಜಿ ಚುಚ್ಚಿದೆ ಕಣ್ರೀ. ನಂಗೆ ಗೊತ್ತೇ ಆಗ್ಲಿಲ್ಲ!”

ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು, ಮೆಷಿನ್ ತುಳಿಯುವುದು ಅವನ ಕೆಲಸ. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ಎಲ್ಲ ಅವಳದು. ಅವಳ ಕೈಕೆಲಸ ನೋಡಿಯೇ ಬೇರೆ ಬೀದಿಯವರೂ ಹುಡುಕಿಕೊಂಡು ಬರುತ್ತಿದ್ದರು. ಆ ಕೈಗೆ ಈಚೆಗೆ ಏನೋ ಆಗಿತ್ತು. ಬೆರಳು ಜುಮ್ಮೆನ್ನುವುದು, ಹಿಡಿದ ಗುಂಡಿ ಜಾರುವುದು, ಸ್ವಲ್ಪ ಓಡಾಡಿದರೆ ಸುಸ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾಸ್ಟರ್ ಕೇಳಬೇಕಲ್ಲ! ಅವನ ತಂಗಿ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮಾತ್ರೆ ಮನೆಯಲ್ಲಿ ಉಳಿದಿತ್ತು. “ಅವಳಿಗೂ ಸುಸ್ತೇ ಇತ್ತು, ಇದನ್ನೇ ನುಂಗು” ಎಂದು ಕೊಟ್ಟ. ಸುಸ್ತೇನೋ ಕೊಂಚ ಇಳಿಯಿತು. ಅಷ್ಟಕ್ಕೇ ಅವನು ಅರ್ಧ ಡಾಕ್ಟರಾಗಿಬಿಟ್ಟ. ಬೆರಳು ಜುಮ್ಮೆನ್ನುವುದು ಮಾತ್ರ ನಿಲ್ಲಲಿಲ್ಲ. ಅವಳು ಅದನ್ನು ಮತ್ತೆ ಹೇಳಲೂ ಇಲ್ಲ ಪಾಪ, ಹೇಳಿದರೆ ಕೇಳುವವರು ಬೇಕಲ್ಲ.

ಯೂನಿಫಾರ್ಮ್ ಹೊಲಿಸಲು ಬಟ್ಟೆ ತಂದಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಬಾಗಿಲಲ್ಲೇ ನಿಂತು ಇವರ ಮಾತು ಕೇಳಿಸಿಕೊಂಡರು.

“ಅಕ್ಕಾ, ಕೈ ಜುಮ್ ಅನ್ನುತ್ತಾ? ಕಾಲೂ ಹಾಗೇನಾ?”

“ಹೂಂ ಕಣಮ್ಮ. ಚಪ್ಪಲಿ ಕಳಚಿಹೋದ್ರೂ ಗೊತ್ತಾಗಲ್ಲ. ಮೊನ್ನೆ ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಮನೆಗೆ ಹೋಗಿದ್ದೆ” ಎಂದು ಅವಳು ನಕ್ಕಳು. ಬೇರೆ ಯಾರೂ ನಗಲಿಲ್ಲ.

“ನಾಳೆನೇ ಬನ್ನಿ. ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸೋಣ” ಎಂದರು ನರ್ಸಮ್ಮ.

“ಇವಳ ಮೈಯಲ್ಲಿ ರಕ್ತಾನೇ ಕಮ್ಮಿ. ಇರೋದನ್ನೂ ನೀವು ಎಳ್ಕೊಂಡ್ರೆ?” ಮಾಸ್ಟರ್ ಅಡ್ಡಬಾಯಿ ಹಾಕಿದ.

“ಒಂದೆರಡು ಚಮಚ ಅಷ್ಟೇ ಅಣ್ಣಾ. ಮೈ ಅದನ್ನ ಬೇಗ ತುಂಬ್ಕೊಳ್ಳುತ್ತೆ.”

“ತಂಗಿ ಬಸುರಿಯಾಗಿದ್ದಾಗ ಉಳಿಸಿದ ಮಾತ್ರೆ ಕೊಡ್ತಿದೀನಲ್ಲ! ಸುಸ್ತೂ ಇಳಿದಿದೆ. ಮತ್ತೆ ಪರೀಕ್ಷೆ ಯಾಕೆ?”

ನರ್ಸಮ್ಮ ಬಟ್ಟೆಯನ್ನು ಮೇಜಿನ ಮೇಲಿಟ್ಟರು. “ಸರಿ ಬಿಡಿ. ನನ್ನ ಅಳತೆನೂ ತಗೋಬೇಡಿ. ಅಕ್ಕನ ಅಳತೆಗೇ ಹೊಲಿದುಬಿಡಿ.”

ನರ್ಸಮ್ಮ ಮೈಕೈ ತುಂಬಿಕೊಂಡವರು, ಮಾಸ್ಟರನ ಹೆಂಡತಿ ಸಣಕಲು ಕಡ್ಡಿ. ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. “ಅದು ಹೇಗಮ್ಮ ಆಗುತ್ತೆ? ಒಂದು ತೋಳೂ ಹತ್ತಲ್ಲ ನಿಮಗೆ!”

“ನಿಮ್ಮ ತಂಗಿ ಮಾತ್ರೆ ಅಕ್ಕನಿಗೆ ಹೇಗೆ ಆಗುತ್ತೆ ಹಾಗಾದ್ರೆ? ಕಬ್ಬಿಣದಂಶ ಕಮ್ಮಿಯಾದ್ರೂ ಸುಸ್ತು, ಬಿ-12 ವಿಟಮಿನ್ ಕಮ್ಮಿಯಾದ್ರೂ ಸುಸ್ತು. ಮುಖ ನೋಡಿ ಹೇಳೋಕಾಗಲ್ಲ. ಆ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುತ್ತೆ. ಬಿ-12 ಕೊರತೆ ಇದ್ದೋರು ಬರೀ ಅದನ್ನ ತಿಂದ್ರೆ ಸುಸ್ತು ಇಳೀಬಹುದು, ಒಳಗೆ ನರ ಮಾತ್ರ ಹಾಳಾಗ್ತಾನೇ ಇರುತ್ತೆ. ತಡ ಮಾಡಿದ್ರೆ ಈ ಕೈ ಹೀಗೇ ಉಳಿದುಬಿಡಬಹುದು ಅಣ್ಣಾ.”

ಮಾಸ್ಟರನ ನಗು ನಿಂತಿತು. “ಜುಮ್ ಅನ್ನೋದು ನಿಂತಿಲ್ಲ ಅಂತ ನೀನ್ಯಾಕೆ ಹೇಳ್ಲಿಲ್ಲ?” ಎಂದು ಹೆಂಡತಿಯನ್ನು ಕೇಳಿದ.

“ಮೊದಲು ಹೇಳಿದ್ನಲ್ರೀ. ನೀವು ಮಾತ್ರೆ ಕೊಟ್ರಿ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ, ತಿನ್ನುತ್ತಿದ್ದ ಮಾತ್ರೆಯನ್ನೂ ಹಿಡಿದುಕೊಂಡು ಇಬ್ಬರೂ ಹೋದರು. ಪರೀಕ್ಷೆಯಲ್ಲಿ ಕಬ್ಬಿಣದಂಶ ಸರಿಯಾಗಿಯೇ ಇತ್ತು, ಬಿ-12 ಮಾತ್ರ ಪಾತಾಳ ಕಂಡಿತ್ತು.

“ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇದು ಸಿಗುತ್ತೆ. ಕೆಲವರಿಗೆ ತಿಂದ್ರೂ ಮೈಗೆ ಹಿಡಿಯಲ್ಲ. ಈಗ ಇಂಜೆಕ್ಷನ್ನೇ ಬೇಕು” ಎಂದರು ಡಾಕ್ಟರು.

“ಕೈ ಪೂರ್ತಿ ಸರಿಹೋಗುತ್ತಾ ಸಾರ್?” ಮಾಸ್ಟರ್ ಕೇಳಿದ.

“ಇನ್ನೂ ಬೇಗ ಬಂದಿದ್ರೆ ಧೈರ್ಯವಾಗಿ ಹೂಂ ಅಂತಿದ್ದೆ. ಈಗ ಕಾದು ನೋಡ್ಬೇಕು.”

ಕಾದರು. ಕಾಜಾ ಹಾಕುವ ಕೆಲಸ ಮಾಸ್ಟರನ ತಲೆಗೇ ಬಂತು. ಅವನು ಹಾಕಿದ ಕಾಜಾದೊಳಗೆ ಗುಂಡಿ ಹೋಗುತ್ತಿರಲಿಲ್ಲ, ಹೋದರೆ ಹೊರಗೆ ಬರುತ್ತಿರಲಿಲ್ಲ. ಗಿರಾಕಿಗಳು ಆಡಿಕೊಂಡರು. ಹೆಂಡತಿಯ ಇಂಜೆಕ್ಷನ್ ಮಾತ್ರ ಒಂದೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಅವನೇ ಚಹಾ ಮಾಡಿ ಲೋಟವನ್ನು ಅವಳ ಕೈಗಿಟ್ಟ.

“ಅಬ್ಬಾ, ಸುಡುತ್ತೆ! ಇಷ್ಟು ಬಿಸಿ ಲೋಟ ಕೈಗೆ ಕೊಡ್ತಾರೇನ್ರೀ? ಬುದ್ಧಿ ಬೇಡ್ವಾ ನಿಮಗೆ?”

ಮಾಸ್ಟರ್ ಆ ಬೆರಳುಗಳನ್ನು ಹಿಡಿದುಕೊಂಡು ಕೂತುಬಿಟ್ಟ. ಕಣ್ಣು ತುಂಬಿ ಬಂದಿತ್ತು. “ಬೈಯೇ, ಇನ್ನೂ ಬೈಯಿ” ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕೈಕಾಲು ಜುಮ್ಮೆನ್ನುತ್ತದೆ, ಸುಸ್ತು ಬಿಡುತ್ತಿಲ್ಲ ಎಂದು ಯಾರಾದರೂ ಹೇಳುತ್ತಿರಬಹುದು. ಇನ್ನೊಬ್ಬರ ಮಾತ್ರೆ ಕೊಟ್ಟು ಅವರ ಬಾಯಿ ಮುಚ್ಚಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಯಾವ ರಕ್ತಪರೀಕ್ಷೆ ಬೇಕೆಂದು ಡಾಕ್ಟರು ಹೇಳುತ್ತಾರೆ. ಈಗಾಗಲೇ ಏನಾದರೂ ಮಾತ್ರೆ ತಿನ್ನುತ್ತಿದ್ದರೆ ಮುಚ್ಚಿಡದೆ ತೋರಿಸಿ. ಒಮ್ಮೆ ಹೇಳಿ ಸುಮ್ಮನಾದವರು ನಿಮ್ಮ ಮನೆಯಲ್ಲಿದ್ದರೆ, ಇವತ್ತು ನೀವೇ ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ.