ಆರಾಮಾದವಳ ತೊಡೆಯ ಮೊಳೆ

ನಾನು ಒಂದು ಮೊಳೆ. ಗೋಡೆಗೆ ಹೊಡೆದು ಕ್ಯಾಲೆಂಡರ್ ನೇತುಹಾಕುವ ಜಾತಿಯದಲ್ಲ. ತೊಡೆಮೂಳೆಯೊಳಗೆ ಕೂತು, ಹೊರಗಿನಿಂದ ಅಯಸ್ಕಾಂತದ ಯಂತ್ರ ಹಿಡಿದಾಗ ಚೂರುಚೂರೇ ಉದ್ದವಾಗಿ, ಮೂಳೆಯನ್ನೂ ಬೆಳೆಸುವ ಮೊಳೆ. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ. ಬಂದು ಸೇರಿದ್ದು ಡಾಕ್ಟರ್ ವೈಜನಾಥರ ಕೈಗೆ.

ಅವರು ಓದುವ ಮನುಷ್ಯ. ಗಿಡ್ಡ ಕಾಲನ್ನು ಉದ್ದ ಮಾಡಲು ಕಾಲಿನ ಹೊರಗೆ ಲೋಹದ ಬಳೆ ಬಿಗಿಯುವುದು ವಾಸಿಯೋ, ಒಳಗೆ ಮೊಳೆ ಇಡುವುದು ವಾಸಿಯೋ ಎಂದು ಲೋಕದ ಸಂಶೋಧನೆಗಳನ್ನೆಲ್ಲ ತೂಗಿ ನೋಡುತ್ತಿದ್ದರು. ಮೊಳೆಯಾದರೆ ಕೀವು ಕಡಿಮೆ, ನೋವು ಕಡಿಮೆ, ಮೊಣಕಾಲೂ ಚೆನ್ನಾಗಿ ಮಡಚುತ್ತದೆ ಎಂದು ಅವರು ಓದಿದ ಪ್ರಬಂಧಗಳು ಹೇಳಿದವು. ‘ನೋಡಿದ್ದು ಬೆರಳೆಣಿಕೆಯ ರೋಗಿಗಳನ್ನು’ ಎಂದು ಡಾಕ್ಟರೇ ಗೊಣಗುತ್ತಿದ್ದರು. ಆದರೆ ‘ಚೆನ್ನಾಗಿ’ ಅಂದರೆ ಎಷ್ಟು? ಕುರ್ಚಿಯಲ್ಲಿ ಕೂರುವಷ್ಟು. ಬರೆದವರೆಲ್ಲ ಕುರ್ಚಿಯಲ್ಲೇ ಕೂತು ಬೆಳೆದವರು. ಇದು ಡಾಕ್ಟರಿಗೆ ಹೊಳೆಯಲಿಲ್ಲ. ಮಹಾನಂದಾಳ ತೊಡೆ ಸೇರುವವರೆಗೆ ನನಗೂ ಹೊಳೆಯಲಿಲ್ಲ.

ಮಹಾನಂದಾ ಬೀದರಿನ ಬಿದರಿ ಕೆಲಸದವಳು. ನೆಲದ ಮೇಲೆ ಕಾಲು ಮಡಚಿ ಕೂತು, ಹೂಜಿಯನ್ನು ಕಲ್ಲಿಗೆ ಆನಿಸಿ, ಪಾದದಲ್ಲಿ ಒತ್ತಿ ಹಿಡಿದು ಅದರ ಮೈಗೆ ಬೆಳ್ಳಿ ಎಳೆ ಕೂರಿಸುವವಳು. ಚಿಕ್ಕಂದಿನಲ್ಲಿ ಮುರಿದ ಬಲಗಾಲು ಗಿಡ್ಡವಾಗಿಯೇ ಉಳಿದಿತ್ತು. “ಕುಂಟೋದು ತಪ್ಪಿಸ್ರಿ ಸಾಕು. ಮತ್ತ ನನ್ನ ಕೆಲಸಕ್ಕ ಕುಂದ್ರತೀನಿ” ಅಂದಿದ್ದಳು.

ನಾನು ನಿಯತ್ತಾಗಿ ದುಡಿದೆ. ಮೂಳೆ ನನ್ನ ಮಾತು ಕೇಳಿತು, ಸ್ನಾಯು ಕೇಳಲಿಲ್ಲ. ಅದು ಬಿಗಿದುಕೊಂಡು ಮೊಣಕಾಲನ್ನು ಅರ್ಧಕ್ಕೇ ತಡೆಯಿತು. ಪ್ರತಿ ಸಲ ಅವಳು ನೆಲಕ್ಕೆ ಕೂರಲು ಹೋಗಿ ಹಲ್ಲು ಕಚ್ಚಿದಾಗ, ಒಳಗಿದ್ದ ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು. ಹೇಳೋಣವೆಂದರೆ ಬಾಯಿಲ್ಲ. ಡಾಕ್ಟರು ಅಳತೆ ಹಿಡಿದು, ಪ್ರಬಂಧಗಳಲ್ಲಿ ಹೇಳಿದಷ್ಟು ಮಡಚುತ್ತದೆಂದು ಖುಷಿಪಟ್ಟು, ತಾವೂ ಒಂದು ಪ್ರಬಂಧ ಬರೆದು ಕಳಿಸಿದರು. ಮೂಳೆ ಗಟ್ಟಿಯಾದ ಮೇಲೆ ನನ್ನನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡರು.

ಒಂದು ಬೆಳಿಗ್ಗೆ ಮಹಾನಂದಾ ಬಂದಳು. ನಡಿಗೆ ನೆಟ್ಟಗಿತ್ತು, ಮುಖ ಬಾಡಿತ್ತು.

“ಕಾಲು ಉದ್ದಾಗ್ಯಾದ, ಖರೆ. ಕೆಳಗ ಕುಂದ್ರಲಿಕ್ಕೇ ಬರವಲ್ದು.”

“ಕುರ್ಚಿ ಮ್ಯಾಲೆ ಕೂತು ಮಾಡ್ಲಿಕ್ಕೆ ಬರಲ್ಲೇನು?”

“ಕುರ್ಚಿ ಮ್ಯಾಲೆ ಕುಂತ್ರ ಹೂಜಿ ಯಾರು ಹಿಡೀಬೇಕ್ರಿ?”

ಡಾಕ್ಟರು ಮೊದಲ ಸಲ ಕೇಳಿದರು: “ಕೂತು ತೋರಿಸು.” ಅವಳು ಮೇಜು ಹಿಡಿದು ಇಳಿದಳು, ಅರ್ಧಕ್ಕೇ ಸಿಕ್ಕಿಕೊಂಡಳು. ಅವರೇ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

“ನನ್ನ ಪ್ರಬಂಧ ಅಚ್ಚಾಗಿ ಬಂದದ” ಅಂದರು ಮೆಲ್ಲಗೆ. “ಅದ್ರಾಗ ನೀ ಆರಾಮ್ ಆಗೀದಿ ಅಂತ ಬರದೀನಿ.”

ಮಹಾನಂದಾ ಸೆರಗು ಸರಿಮಾಡಿಕೊಂಡಳು. “ಹಂಗಾದ್ರ ಅದ್ರಾಗ ಆರಾಮ್ ಆದಾಕಿನ್ನ ಕಳಿಸ್ರಿ. ಕೆಲಸ ಬಾಳ ಉಳದಾವ.”

ಅವಳು ಹೋದಳು. ನಾನಿನ್ನೂ ಅದೇ ಮೇಜಿನ ಮೇಲಿದ್ದೇನೆ, ಪ್ರಬಂಧದ ಹಾಳೆಗಳು ಹಾರದಂತೆ ಒತ್ತಿಕೊಂಡು.